ಮ್ಯಾಚ್ ಡ್ಯೂಟಿಗೆ ಬಂದವರು ಮುಂದಿನ ಮ್ಯಾಚ್‌ಗೂ ಬರಬೇಕಾ? ಹಾಗಾದರೆ ಇದನ್ನು ಓದಿ

ಚಿನ್ನಸ್ವಾಮಿಯಲ್ಲಿ ಸಂಜೆ 7.30ಕ್ಕೆ ಐಪಿಎಲ್ ಮ್ಯಾಚ್ ಅಂದರೆ, ಗೇಟ್‌ನಲ್ಲಿ ಟಿಕೆಟ್ ಸ್ಕ್ಯಾನ್ ಮಾಡುವ ಹುಡುಗ ಮಧ್ಯಾಹ್ನವೇ ಬಂದಿರುತ್ತಾನೆ. ಆಟ ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿರುತ್ತದೆ. ಸ್ಟ್ಯಾಂಡ್ ಒಳಗೆ ಡ್ಯೂಟಿ ಬಿದ್ದ ಹುಡುಗಿ ಜನರ ಕಡೆ ಮುಖ ಮಾಡಿ ನಿಲ್ಲಬೇಕು, ಅಂದರೆ ಆಟಕ್ಕೆ ಬೆನ್ನು. ಸಿಕ್ಸ್ ಹೋಯ್ತಾ ವಿಕೆಟ್ ಬಿತ್ತಾ ಅಂತ ಅವಳಿಗೆ ಗೊತ್ತಾಗುವುದು ಎದುರಿಗೆ ಕೂತವರ ಮುಖ ನೋಡಿ. ಇನ್ನು ಹೌಸ್‌ಕೀಪಿಂಗ್‌ನವರ ದೊಡ್ಡ ಕೆಲಸ ಶುರುವಾಗುವುದೇ ಎಲ್ಲರೂ ಮೆಟ್ರೋ ಹಿಡಿಯಲು ಓಡಿದ ಮೇಲೆ.

ಇದನ್ನು ಬರೆಯುತ್ತಿರುವುದು ಇವರನ್ನೆಲ್ಲ ಕೆಲಸಕ್ಕೆ ಕರೆಸುವವರಿಗೆ. ಏಜೆನ್ಸಿ ಸೂಪರ್‌ವೈಸರ್, ಫ್ರಾಂಚೈಸಿಯ ಆಪರೇಷನ್ಸ್‌ನವರು, ಕಂಠೀರವದಲ್ಲಿ ಫುಟ್‌ಬಾಲ್ ಅಥವಾ ಕಬಡ್ಡಿ ನಡೆಸುವವರು. ನಾನೂ ಇದೇ ಸಾಲಿನವನು, ಗೇಟ್‌ಗಳ ಸೂಪರ್‌ವೈಸರ್ ಆಗಿ ಈ ಕೆಲಸ ನೋಡಿದ್ದೇನೆ.

ನಮ್ಮ ಲೈನಿನಲ್ಲಿ ಒಂದು ಮಾತಿದೆ. "ಅವರಿಗೇನು ಬಿಡಿ, ಕೊಹ್ಲಿಯನ್ನು ಹತ್ತಿರದಿಂದ ನೋಡಬಹುದು ಅಂದರೆ ಫ್ರೀಯಾಗಿ ಬೇಕಾದರೂ ಬರುತ್ತಾರೆ." ಅರ್ಧ ನಿಜ. ಮೊದಲ ಮ್ಯಾಚ್‌ಗೆ ಬರುತ್ತಾರೆ. ಅಲ್ಲಿ ಸೆಲ್ಫಿ ತೆಗೆಯಲು ಬಿಡುವುದಿಲ್ಲ, ಕೂರಲು ಬಿಡುವುದಿಲ್ಲ, ಊಟ ಬರುವುದು ಹತ್ತು ಗಂಟೆಗೆ, ದುಡ್ಡು ಬರುವುದು ಯಾವಾಗಲೋ. ಎರಡನೇ ಮ್ಯಾಚ್‌ಗೆ ಫೋನ್ ಮಾಡಿದರೆ "ಊರಲ್ಲಿದೀನಿ ಸರ್". ಹಾಗಾಗಿ ನಿಮ್ಮ ಸಿಬ್ಬಂದಿ ಖುಷಿಯಾಗಿದ್ದಾರಾ ಅಂತ ತಿಳಿಯಲು ದೊಡ್ಡ ಸರ್ವೇ ಏನೂ ಬೇಡ. ಮೊದಲ ಮ್ಯಾಚ್‌ಗೆ ಬಂದವರಲ್ಲಿ ಎಷ್ಟು ಜನ ಎರಡನೆಯದಕ್ಕೆ ಬಂದರು, ಅದರಲ್ಲಿ ಎಷ್ಟು ಜನ ಮೂರನೆಯದಕ್ಕೆ ಬಂದರು, ಈ ಲೆಕ್ಕ ಇಡಿ. ಗೇಟ್ ಗೇಟಿಗೂ, ಸೂಪರ್‌ವೈಸರ್ ಸೂಪರ್‌ವೈಸರ್‌ಗೂ ಬೇರೆ ಬೇರೆಯಾಗಿ ಇಡಿ. ಒಂದೇ ಕೂಲಿ, ಒಂದೇ ಊಟ ಇದ್ದರೂ ಒಬ್ಬ ಸೂಪರ್‌ವೈಸರ್ ಕೈಕೆಳಗಿನವರು ಮಾತ್ರ ಪದೇ ಪದೇ ಕಾಣೆಯಾಗುತ್ತಿದ್ದರೆ ಸಮಸ್ಯೆ ಎಲ್ಲಿದೆ ಅಂತ ಹೇಳಬೇಕಿಲ್ಲ ಅಲ್ವಾ.

ಮೇಯರ್ ಮತ್ತು ಆಲೆನ್ ಅಂತ ಕೆನಡಾದ ಇಬ್ಬರು ಸಂಶೋಧಕರು 1991ರಲ್ಲಿ ಒಂದು ಲೆಕ್ಕ ಕೊಟ್ಟರು. ಜನ ಕೆಲಸದಲ್ಲಿ ಉಳಿಯುವುದು ಮೂರು ಕಾರಣಕ್ಕಂತೆ: ಇಷ್ಟಪಟ್ಟು, ಬಿಟ್ಟರೆ ನಷ್ಟ ಅಂತ, ಅಥವಾ ಬಿಡುವುದು ಸರಿಯಲ್ಲ ಅನ್ನುವ ಋಣಕ್ಕೆ. ಸ್ಟೇಡಿಯಂ ಕೆಲಸಕ್ಕೆ ಇದನ್ನು ಹಚ್ಚಿ ನೋಡಿ. ಇಲ್ಲಿ ಎರಡನೆಯ ಕಾರಣ ನಡೆಯುವುದೇ ಇಲ್ಲ, ಯಾಕೆಂದರೆ ಬಿಟ್ಟರೆ ಕಳೆದುಕೊಳ್ಳಲು ಏನೂ ಇಲ್ಲ. ಪರ್ಮನೆಂಟ್ ಕೆಲಸವಲ್ಲ, ಇನ್‌ಕ್ರಿಮೆಂಟ್ ಇಲ್ಲ, ಅದೇ ದಿನ ಫುಡ್ ಡೆಲಿವರಿಗೆ ಹೋದರೆ ಅಷ್ಟೇ ದುಡ್ಡು ಸಿಗಬಹುದು. ಉಳಿದಿರುವುದು ಇಷ್ಟ ಮತ್ತು ಋಣ. ಆ ಎರಡನ್ನೂ ನೀವೇ ಹುಟ್ಟಿಸಬೇಕು, ಟೀಮಿನ ಲೋಗೋ ಹುಟ್ಟಿಸುವುದಿಲ್ಲ.

ದುಡ್ಡಿನ ವಿಷಯ ಮೊದಲು ಸರಿಮಾಡಿ

ಬೇರೆ ಏನೇ ಮಾಡಿದರೂ ಇದು ಸರಿ ಇಲ್ಲದಿದ್ದರೆ ವೇಸ್ಟ್. ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1959ರಷ್ಟು ಹಿಂದೆಯೇ ಹೇಳಿದ್ದ: ಸಂಬಳ, ಕೆಲಸದ ಜಾಗ ಇವು ಚೆನ್ನಾಗಿದ್ದ ಮಾತ್ರಕ್ಕೆ ಜನ ಕೆಲಸವನ್ನು ಪ್ರೀತಿಸುವುದಿಲ್ಲ, ಆದರೆ ಕೆಟ್ಟಿದ್ದರೆ ಖಂಡಿತ ಸಿಟ್ಟಾಗುತ್ತಾರೆ. ಇದರ ಬಗ್ಗೆ ವಾದ ವಿವಾದ ಬಹಳ ನಡೆದಿದೆ. ನನಗಂತೂ ಗೇಟ್‌ನಲ್ಲಿ ಕಂಡಿದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ.

ತೊಂದರೆ ಎಲ್ಲಿ ಅಂದರೆ ದುಡ್ಡು ಬರುವ ದಾರಿ ಉದ್ದ. ಕ್ಲಬ್ ಅಥವಾ ಸಂಸ್ಥೆ ಒಂದು ಇವೆಂಟ್ ಕಂಪನಿಗೆ ಕೊಡುತ್ತದೆ, ಅದು ಮ್ಯಾನ್‌ಪವರ್ ಏಜೆನ್ಸಿಗೆ, ಅದು ಏರಿಯಾದಲ್ಲಿ ಹುಡುಗರನ್ನು ಸೇರಿಸುವ ಒಬ್ಬನಿಗೆ, ಆಮೇಲೆ ಹುಡುಗನಿಗೆ. ಪ್ರತಿ ಕೈಯಲ್ಲೂ ಒಂದಿಷ್ಟು ಕಳೆಯುತ್ತದೆ, ಪ್ರತಿ ಕೈಯಲ್ಲೂ "ಮೇಲಿನಿಂದ ಬಿಲ್ ಪಾಸ್ ಆಗಿಲ್ಲ" ಅನ್ನುವ ಮಾತು ಸಿಗುತ್ತದೆ. ಹುಡುಗನಿಗೆ ಮೇಲಿನವರು ಯಾರೂ ಗೊತ್ತಿಲ್ಲ, ಗೊತ್ತಿರುವುದು ನೀವು. ಬೈಗುಳವೂ ನಿಮಗೇ.

ಹೀಗೆ ಮಾಡಿ. ಡ್ಯೂಟಿಗೆ ಒಪ್ಪುವ ಮೊದಲೇ ವಾಟ್ಸಾಪ್‌ನಲ್ಲಿ ಕನ್ನಡದಲ್ಲಿ ಬರೆದು ಕಳಿಸಿ: ಬರಬೇಕಾದ ಟೈಮ್, ಬಿಡುವ ಟೈಮ್, ಕೂಲಿ ಎಷ್ಟು, ಯಾವ ತಾರೀಖಿಗೆ, ಯುಪಿಐನಾ ಬ್ಯಾಂಕಾ. ಟೀ-ಶರ್ಟ್‌ಗೋ ಐಡಿ ಕಾರ್ಡ್‌ಗೋ ಕೂಲಿಯಲ್ಲಿ ದುಡ್ಡು ಹಿಡಿಯುವುದಿದ್ದರೆ ಅದೂ ಅಲ್ಲೇ ಇರಲಿ, ನನ್ನ ಕೇಳಿದರೆ ಹಿಡಿಯಲೇಬೇಡಿ. ಹೇಳಿದ ತಾರೀಖಿಗೆ ಆಗುವುದಿಲ್ಲ ಅಂತ ಗೊತ್ತಾದರೆ ಹಿಂದಿನ ದಿನವೇ ನೀವೇ ಮೆಸೇಜ್ ಹಾಕಿ. ದುಡ್ಡು ನಾಲ್ಕು ದಿನ ತಡವಾದರೆ ಜನ ಸಹಿಸುತ್ತಾರೆ, ನೀವು ಫೋನ್ ಎತ್ತದಿದ್ದರೆ ಸಹಿಸುವುದಿಲ್ಲ. ಸಾಧ್ಯವಾದರೆ ಮಧ್ಯದ ಒಂದು ಕೈ ಕಡಿಮೆ ಮಾಡಿ, ಅದೇ ದುಡ್ಡಲ್ಲಿ ಕೂಲಿ ಏರಿಸಬಹುದು.

ಕಾನೂನು ಗೊತ್ತಿರಲಿ. ನಿಗದಿಯಾದ ಹೊತ್ತು ಮೀರಿ ದುಡಿಸಿದರೆ ಆ ಗಂಟೆಗಳಿಗೆ ದುಪ್ಪಟ್ಟು ದರ. ಮ್ಯಾಚ್ ಸೂಪರ್ ಓವರ್‌ಗೆ ಹೋಯ್ತು ಅನ್ನುವುದು ಕಾರಣವಾಗುವುದಿಲ್ಲ. ಗುತ್ತಿಗೆದಾರ ಕೂಲಿ ಕೊಡದೆ ಕೈ ಎತ್ತಿದರೆ ಕೆಲಸ ಮಾಡಿಸಿಕೊಂಡ ಮುಖ್ಯ ಸಂಸ್ಥೆಯೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಆ ಹೊಣೆ ಹಾಗೇ ಇದೆ. ಕ್ಲಬ್‌ನ ಕಡೆಯವರು "ಅವರು ನಮ್ಮ ಎಂಪ್ಲಾಯಿಗಳಲ್ಲ" ಅಂದರೆ ಇದನ್ನು ನಯವಾಗಿ ನೆನಪಿಸಿ. ಲಂಡನ್ನಿನ ಚೆಲ್ಸಿ ಕ್ಲಬ್ 2014ರಲ್ಲಿ, ಪ್ರೀಮಿಯರ್ ಲೀಗ್‌ನಲ್ಲಿ ಮೊದಲಿಗೆ, ಬದುಕಲು ಸಾಲುವಷ್ಟು ಕೂಲಿ ಕೊಡುತ್ತೇವೆ ಅಂತ ಒಪ್ಪಿಕೊಂಡಾಗ ಹೊರಗುತ್ತಿಗೆಯವರನ್ನೂ ಅದರಲ್ಲಿ ಸೇರಿಸಿತ್ತು. ಆಟಗಾರನೊಬ್ಬನ ಒಂದು ವಾರದ ಸಂಬಳದ ಮುಂದೆ ಅದು ಯಾವ ಲೆಕ್ಕ.

ಮಳೆ ಬಂದರೆ? ಇದನ್ನು ಮೊದಲೇ ಇತ್ಯರ್ಥ ಮಾಡಿ. 2025ರ ಮೇ 17ರಂದು ಆರ್‌ಸಿಬಿ ಮತ್ತು ಕೋಲ್ಕತ್ತಾ ಮ್ಯಾಚ್ ಚಿನ್ನಸ್ವಾಮಿಯಲ್ಲಿ ಟಾಸ್ ಕೂಡ ಆಗದೆ ರದ್ದಾಯಿತು. ಟಿಕೆಟ್ ಕೊಂಡವರಿಗೆ ದುಡ್ಡು ವಾಪಸ್ ಅಂತ ಘೋಷಣೆಯಾಯಿತು, ಸರಿಯಾದ ಕೆಲಸವೇ. ಆದರೆ ಅಂಥ ರಾತ್ರಿ ಜಾಸ್ತಿ ದುಡಿಯುವವರು ಯಾರು? ಆಟವಿಲ್ಲ ಅಂದರೆ ಕವರ್ ಎಳೆಯುವವರಿಗೆ ಎರಡು ಪಟ್ಟು ಕೆಲಸ. ಚಿನ್ನಸ್ವಾಮಿಯಲ್ಲಿ 2017ರಿಂದ ನೆಲದಡಿಯಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆ ಇದೆ ನಿಜ, ಕವರ್ ಎಳೆಯುವುದು ಮಾತ್ರ ಇನ್ನೂ ಮನುಷ್ಯರೇ. ಗೇಟ್‌ನವರು ನೆನೆದ ಜನರ ಸಿಟ್ಟನ್ನೆಲ್ಲ ನಿಂತಲ್ಲೇ ಕೇಳಬೇಕು. ರದ್ದಾದರೂ ಪೂರ್ತಿ ಕೂಲಿ ಅಂತ ಒಪ್ಪಂದದಲ್ಲಿ ಬರೆಸಿ, ರೇನ್‌ಕೋಟ್ ಕೊಡಿ. ಛತ್ರಿ ಹಿಡಿದುಕೊಂಡು ಟಿಕೆಟ್ ಸ್ಕ್ಯಾನ್ ಮಾಡಲು ಆಗುವುದಿಲ್ಲ.

ಕಾಲು, ಹೊಟ್ಟೆ, ಟಾಯ್ಲೆಟ್, ಮನೆ

ಇದರ ಬಗ್ಗೆ ಬರೆಯಲು ಏನಿದೆ ಅನ್ನಬಹುದು. ಆದರೆ ಡ್ಯೂಟಿ ಬಿಟ್ಟು ಹೋದವರನ್ನು ಕೇಳಿದರೆ ಮೊದಲು ಬರುವ ಮಾತೇ ಇದು. ನಾಲ್ಕು ಜನಕ್ಕೆ ಒಬ್ಬ ರಿಲೀವರ್ ಇರಲಿ, ಅವನ ಕೆಲಸ ಇಷ್ಟೇ: ಒಬ್ಬೊಬ್ಬರನ್ನಾಗಿ ಕೂರಿಸುವುದು, ಊಟಕ್ಕೆ ಕಳಿಸುವುದು. ರಿಲೀವರ್ ದುಬಾರಿ ಅಂತ ಬಜೆಟ್‌ನಲ್ಲಿ ಮೊದಲು ಹೊಡೆದುಹಾಕುವುದು ಇವನನ್ನೇ, ಆಮೇಲೆ ರಾತ್ರಿ ಒಂಬತ್ತಕ್ಕೆ ಗೇಟ್ ಖಾಲಿ ಇದೆ ಅಂತ ವಾಕಿ ಟಾಕಿಯಲ್ಲಿ ಕಿರುಚುವುದು. ಊಟ ಗೇಟ್ ತೆರೆಯುವ ಮೊದಲೇ ಆಗಲಿ, ತಣ್ಣಗಾದ ಪುಳಿಯೋಗರೆ ಪ್ಯಾಕೆಟ್ ಹತ್ತು ಗಂಟೆಗೆ ಕೊಟ್ಟರೆ ಅದನ್ನು ಊಟ ಅನ್ನುವುದಿಲ್ಲ. ಹೆಣ್ಣುಮಕ್ಕಳಿಗೆ ಯಾವ ಟಾಯ್ಲೆಟ್ ಅಂತ ಬ್ರೀಫಿಂಗ್‌ನಲ್ಲೇ ತೋರಿಸಿ. ಸುಮ್ನೆ ಹೇಳಿದರೆ ಸಾಲದು, ಅಲ್ಲಿಗೆ ಅವರ ಕಾರ್ಡ್‌ನಲ್ಲಿ ಪ್ರವೇಶ ಇದೆಯಾ ಅಂತಲೂ ನೋಡಿ. ಎಷ್ಟೋ ಕಡೆ ಟಾಯ್ಲೆಟ್ ಇರುವುದು ಆ ಕಾರ್ಡ್‌ಗೆ ಬಿಡದ ಸ್ಟ್ಯಾಂಡ್‌ನ ಒಳಗೆ.

ಮ್ಯಾಚ್ ರಾತ್ರಿ ಮೆಟ್ರೋ ಹೆಚ್ಚು ಹೊತ್ತು ಓಡಿಸುತ್ತಾರೆ, ಆದರೆ ಅದು ಪ್ರೇಕ್ಷಕರ ಲೆಕ್ಕಕ್ಕೆ. ಕಸ ತುಂಬಿ, ಸೀಟು ಒರೆಸಿ, ಸಾಮಾನು ಒಪ್ಪಿಸಿ ಹೊರಡುವವರಿಗೆ ಕೊನೆಯ ರೈಲು ಆಗಲೇ ಹೋಗಿರುತ್ತದೆ. ರಾತ್ರಿ ಉಳಿಯುವವರಿಗೆಲ್ಲ ವ್ಯಾನ್ ಮಾಡಿ. ಹೆಣ್ಣುಮಕ್ಕಳನ್ನು ಮನೆ ಬಾಗಿಲಿಗೇ ಬಿಡಬೇಕು, ಮುಖ್ಯ ರಸ್ತೆಗಲ್ಲ. ಇದಕ್ಕೆ ದುಡ್ಡಿಲ್ಲ ಅನ್ನುವ ಸಂಸ್ಥೆಗೆ ರಾತ್ರಿ ಮ್ಯಾಚ್ ನಡೆಸುವ ಯೋಗ್ಯತೆ ಇಲ್ಲ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

"ನಾನ್ಯಾರು ಗೊತ್ತಾ?"

ಈ ಪ್ರಶ್ನೆ ಕೇಳದೆ ಒಂದು ಮ್ಯಾಚ್ ಕೂಡ ಮುಗಿಯುವುದಿಲ್ಲ. ಹೇಗೆ ನಡೆಯುತ್ತದೆ ಅಂತ ನೋಡಿ. ಬಿಳಿ ಶರ್ಟ್, ಜತೆಗೆ ನಾಲ್ಕು ಜನ, ಕೈಯಲ್ಲಿ ಎರಡೇ ಪಾಸ್. ಹುಡುಗ "ಸರ್, ಇಬ್ಬರಿಗೆ ಮಾತ್ರ" ಅನ್ನುತ್ತಾನೆ. ಆ ಕಡೆಯಿಂದ ಫೋನ್ ತೆಗೆಯುತ್ತಾರೆ, ಯಾರಿಗೋ ಮಾಡುತ್ತಾರೆ, ಫೋನನ್ನು ಹುಡುಗನ ಕಿವಿಗೆ ಹಿಡಿಯಲು ನೋಡುತ್ತಾರೆ. ಹುಡುಗ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ, ಸ್ಕ್ಯಾನರ್ ಎದೆಗವಚಿಕೊಂಡು. ಹಿಂದೆ ಕ್ಯೂ ಬೆಳೆಯುತ್ತದೆ. ಆಗ ಸೂಪರ್‌ವೈಸರ್ ಓಡಿಬಂದು "ಸಾರಿ ಸರ್, ಹೊಸ ಹುಡುಗ, ಗೊತ್ತಾಗಲಿಲ್ಲ, ಬನ್ನಿ" ಅಂತ ಐದೂ ಜನರನ್ನು ಒಳಗೆ ಬಿಡುತ್ತಾನೆ.

ಆ "ಹೊಸ ಹುಡುಗ, ಗೊತ್ತಾಗಲಿಲ್ಲ" ಅನ್ನುವ ಮಾತಿದೆಯಲ್ಲ, ಅಲ್ಲಿಗೆ ಮುಗಿಯಿತು. ನಿಯಮ ಪಾಲಿಸಿದ್ದಕ್ಕೆ ಎಲ್ಲರ ಮುಂದೆ ದಡ್ಡನಾದ. ಅಲ್ಲಿಂದ ಮುಂದೆ ಅವನು ಯಾರನ್ನೂ ತಡೆಯುವುದಿಲ್ಲ, ಯಾಕೆ ತಡೆಯಬೇಕು? ಮುಂದಿನ ಮ್ಯಾಚ್‌ಗೆ ಬರುವುದೂ ಇಲ್ಲ.

ಇದಕ್ಕೆ ವ್ಯವಸ್ಥೆ ಬೇಕು, ಧೈರ್ಯದ ಭಾಷಣ ಬೇಡ. ಗೇಟ್‌ನಿಂದ ಸ್ವಲ್ಪ ದೂರ ಒಂದು ಟೇಬಲ್ ಹಾಕಿ, ಪಾಸ್ ತಕರಾರೆಲ್ಲ ಅಲ್ಲಿಗೆ. ಹುಡುಗ ಹೇಳಬೇಕಾದ್ದು ಒಂದೇ ವಾಕ್ಯ: "ಸರ್, ಆ ಟೇಬಲ್ ಹತ್ತಿರ ನೋಡುತ್ತಾರೆ." ವಾದ ಅವನ ಕೆಲಸವಲ್ಲ. ಟೇಬಲ್‌ನಲ್ಲಿ ಕೂರುವವನು ಹಿರಿಯನಾಗಿರಲಿ, ಬೇಡ ಅನ್ನುವ ಅಧಿಕಾರ ಇರುವವನಾಗಿರಲಿ. ಯಾರನ್ನಾದರೂ ಒಳಗೆ ಬಿಡಲೇಬೇಕಾಗಿ ಬಂದರೆ, ಬರುತ್ತದೆ, ಸುಳ್ಳು ಯಾಕೆ, ಬೇರೆ ಗೇಟ್‌ನಿಂದ ಬಿಡಿ, ತಡೆದವನ ಕಣ್ಣೆದುರಿಗೆ ಬೇಡ. ಆಮೇಲೆ ಅವನ ಹತ್ತಿರ ಹೋಗಿ "ನೀನು ಮಾಡಿದ್ದೇ ಸರಿ" ಅನ್ನಿ. ಯಾರಾದರೂ ಕೈ ಮಾಡಿದರೆ ಅಥವಾ ಹೆಣ್ಣುಮಕ್ಕಳ ಜತೆ ಕೆಟ್ಟದಾಗಿ ನಡೆದುಕೊಂಡರೆ ಪೊಲೀಸರಿಗೆ ದೂರು ಕೊಡುವುದು ನಿಮ್ಮ ಕೆಲಸ, ಅವರದ್ದಲ್ಲ. ಆ ದಿನದ ಪೊಲೀಸ್ ಅಧಿಕಾರಿಯ ಪರಿಚಯ ಬ್ರೀಫಿಂಗ್‌ನಲ್ಲೇ ಆಗಿರಲಿ.

ನೀರಿನ ಬಾಟಲಿ, ಪವರ್ ಬ್ಯಾಂಕ್, ಹೆಲ್ಮೆಟ್ ಜಗಳಗಳೂ ಹೀಗೇ. ಯಾವುದು ಬಿಡುವುದಿಲ್ಲ, ಯಾಕೆ ಬಿಡುವುದಿಲ್ಲ, ಬಿಡದಿದ್ದನ್ನು ಎಲ್ಲಿ ಇಡಬಹುದು, ಮೂರೂ ಗೊತ್ತಿದ್ದರೆ ಹುಡುಗಿಗೆ ಮಾತಾಡಲು ಬರುತ್ತದೆ. "ಬಿಡಲ್ಲ ಅಷ್ಟೇ" ಅನ್ನುವುದೊಂದೇ ಗೊತ್ತಿದ್ದರೆ ಜಗಳ ಖಾತ್ರಿ.

ಗೇಟ್‌ನಲ್ಲಿ ನಿಂತವರ ಜೀವ

2025ರ ಜೂನ್ 4 ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಕಪ್ ಗೆದ್ದಿತ್ತು. ಮಾರನೇ ದಿನ ಚಿನ್ನಸ್ವಾಮಿ ಗೇಟ್‌ಗಳ ಹತ್ತಿರ ನೂಕುನುಗ್ಗಲಾಗಿ 11 ಜನ ಸತ್ತರು. ಯಾರ ತಪ್ಪು ಅನ್ನುವ ಚರ್ಚೆ ಇಲ್ಲಿ ಬೇಡ. ನಮ್ಮಂಥವರು ಕೇಳಿಕೊಳ್ಳಬೇಕಾದ್ದು: ಗೇಟ್‌ನಲ್ಲಿರುವ ಹುಡುಗನಿಗೆ ಹೊರಗಿನ ಜನ ಜಾಸ್ತಿಯಾಗುತ್ತಿದ್ದಾರೆ ಅಂತ ಕಂಡರೆ, ಅದನ್ನು ಯಾರಿಗೆ ಹೇಳಬೇಕು ಅಂತ ಗೊತ್ತಿದೆಯಾ? ಹೇಳಿದರೆ ಯಾರಾದರೂ ಕೇಳುತ್ತಾರಾ?

ಪ್ರತಿ ಗೇಟ್‌ಗೂ ಕೆಲಸ ಮಾಡುವ ಒಂದು ರೇಡಿಯೊ ಇರಲಿ, ಅದು ಸೂಪರ್‌ವೈಸರ್ ಸೊಂಟದಲ್ಲಲ್ಲ, ಗೇಟ್‌ನಲ್ಲಿ. ಯಾವ ಮಾತು ಬಂದರೆ ಕಂಟ್ರೋಲ್ ರೂಮ್ ಬೇರೆಲ್ಲ ಬಿಟ್ಟು ಕೇಳಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ನೂಕಾಟ ಶುರುವಾದರೆ ಎದೆಕೊಟ್ಟು ತಡೆಯಬೇಡಿ ಅಂತ ಹುಡುಗರಿಗೆ ಹೇಳಿ, ಎಲ್ಲಿ ಸರಿದು ನಿಲ್ಲಬೇಕು ಅಂತ ಜಾಗ ತೋರಿಸಿ. ದಿನಗೂಲಿಗೆ ಬಂದವನಿಗೆ ಏಟಾದರೆ ಆಸ್ಪತ್ರೆ ಖರ್ಚು ಯಾರದ್ದು, ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಇದೆಯಾ, ಇಲ್ಲದಿದ್ದರೆ ಬೇರೆ ವಿಮೆ ಇದೆಯಾ, ಇದನ್ನು ಮ್ಯಾಚ್‌ಗೆ ಮೊದಲು ಏಜೆನ್ಸಿಯಿಂದ ಬರೆಸಿಕೊಳ್ಳಿ. ಈ ಗ್ಯಾರಂಟಿ ಇದ್ದ ಕಡೆ ಜನ ನಿಲ್ಲುವ ರೀತಿಯೇ ಬೇರೆ.

ಎರಡು ಓವರ್ ತೋರಿಸಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಎರಡನೇ ಇನಿಂಗ್ಸ್ ಹೊತ್ತಿಗೆ ಗೇಟ್‌ಗಳಲ್ಲಿ ಕೆಲಸ ಕಡಿಮೆ. ಆಗ ಇಬ್ಬಿಬ್ಬರನ್ನಾಗಿ ಸ್ಟ್ಯಾಂಡ್ ಬಾಗಿಲ ತನಕ ಕಳಿಸಿ, ಎರಡು ಓವರ್ ನೋಡಿ ಬರಲಿ. ಯಾರು ಹೋದರು ಯಾರು ಉಳಿದರು ಅಂತ ಚೀಟಿಯಲ್ಲಿ ಬರೆದಿಡಿ, ಇಲ್ಲದಿದ್ದರೆ ನಿಮಗೆ ಬೇಕಾದವರೇ ನೋಡಿದರು ಅಂತ ಇದೇ ಹೊಸ ಜಗಳವಾಗುತ್ತದೆ. ಬಿರಿಯಾನಿ ವಾಸನೆ ಮಾತ್ರ ಕುಡಿಸಿ ಕಳಿಸಿದ ಹಾಗೆ ಆಗಬಾರದು, ಅಷ್ಟೇ.

ಹೊಗಳಿಕೆ ಯಾರಿಗೆ ತಲುಪುತ್ತದೆ

2021ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ನ್ಯೂಜಿಲೆಂಡ್ ಜತೆಗಿನ ಟೆಸ್ಟ್ ಡ್ರಾ ಆಯಿತು. ಅವರ ಕೊನೆಯ ಜೋಡಿ ಔಟಾಗಲೇ ಇಲ್ಲ, ನಮಗೆ ಗೆಲುವು ತಪ್ಪಿತು. ಆಗ ಕೋಚ್ ಆಗಿದ್ದ ನಮ್ಮ ದ್ರಾವಿಡ್ ಐದು ದಿನ ನಿಲ್ಲುವ ಪಿಚ್ ಮಾಡಿದ್ದಕ್ಕೆ ಗ್ರೌಂಡ್ಸ್‌ಮೆನ್‌ಗೆ ಸ್ವಂತ ಜೇಬಿನಿಂದ 35,000 ರೂಪಾಯಿ ಕೊಟ್ಟರು. 2023ರ ಏಷ್ಯಾ ಕಪ್ ಫೈನಲ್‌ನಲ್ಲಿ ಸಿರಾಜ್ 21 ರನ್‌ಗೆ 6 ವಿಕೆಟ್ ತೆಗೆದು, ಬಂದ 5,000 ಡಾಲರ್ ಬಹುಮಾನವನ್ನು ಕೊಲಂಬೊದ ಗ್ರೌಂಡ್ ಸಿಬ್ಬಂದಿಗೆ ಕೊಟ್ಟುಬಿಟ್ಟರು. ಆ ಟೂರ್ನಿಯಲ್ಲಿ ಮಳೆ ಬಿಟ್ಟೂ ಬಿಡದೆ ಕಾಡಿತ್ತು, ಯಾರಿಂದ ಆಟ ನಡೆಯಿತು ಅಂತ ಅವರಿಗೆ ಗೊತ್ತಿತ್ತು. 2024ರ ಐಪಿಎಲ್ ಮುಗಿದಾಗ ಬಿಸಿಸಿಐ 10 ಮುಖ್ಯ ಮೈದಾನಗಳ ಗ್ರೌಂಡ್ ಸಿಬ್ಬಂದಿ ಮತ್ತು ಪಿಚ್ ಸಿದ್ಧಮಾಡುವ ಕ್ಯುರೇಟರ್‌ಗಳಿಗೆ ಮೈದಾನಕ್ಕೆ 25 ಲಕ್ಷದಂತೆ ಘೋಷಿಸಿತು, ಹೆಚ್ಚುವರಿ 3 ಮೈದಾನಗಳಿಗೆ ತಲಾ 10 ಲಕ್ಷ.

ಒಳ್ಳೆಯದೇ. ಆದರೆ ಗಮನಿಸಿ, ಇದೆಲ್ಲ ಬೌಂಡರಿ ಹಗ್ಗದ ಒಳಗೆ ಕೆಲಸ ಮಾಡುವವರಿಗೆ. ಟಿವಿಯಲ್ಲಿ ಕಾಣುವವರಿಗೆ. ಟಾಯ್ಲೆಟ್ ತೊಳೆದವರಿಗೆ, ಪಾರ್ಕಿಂಗ್‌ನಲ್ಲಿ ಹೊಗೆ ಕುಡಿದವರಿಗೆ ಯಾರೂ ಬಹುಮಾನ ಘೋಷಿಸುವುದಿಲ್ಲ, ಅವರ ಪಾಲಿಗೆ ಘೋಷಿಸಬೇಕಾದವರು ನೀವೇ. 25 ಲಕ್ಷ ನಿಮ್ಮ ಹತ್ತಿರ ಇರುವುದಿಲ್ಲ. ಹೆಸರು ಹಿಡಿದು ಕರೆಯಬಹುದಲ್ಲ? "ಏ ಆರೆಂಜ್ ಟೀ-ಶರ್ಟ್, ಇಲ್ಲಿ ಬಾ" ಅನ್ನುವುದನ್ನು ನಿಲ್ಲಿಸಿ. ಕಾರ್ಡ್ ಮೇಲೆ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಇರಲಿ, ಪ್ರೇಕ್ಷಕರೂ ಹೆಸರು ಓದಿ ಮಾತಾಡುತ್ತಾರೆ. ತಪ್ಪಿಸಿಕೊಂಡ ಮಗುವನ್ನು ಅಮ್ಮನ ಹತ್ತಿರ ಸೇರಿಸಿದವಳ ವಿಷಯ ಗ್ರೂಪ್‌ನಲ್ಲಿ ಹಾಕಿ, ಮೇಲಿನವರಿಗೂ ಹೆಸರಿನ ಸಮೇತ ಕಳಿಸಿ. ಕಾಲೇಜು ಹುಡುಗರಿಗೆ ಕೆಲಸದ ಪತ್ರ ಕೊಡಿ, ಯಾವ ಗೇಟ್, ಯಾವ ಜವಾಬ್ದಾರಿ ಅಂತ ಸ್ಪಷ್ಟವಾಗಿ ಬರೆದು. ಅದು ಮುಂದಿನ ಇಂಟರ್ವ್ಯೂಗೆ ಆಗುತ್ತದೆ, ಫ್ರೀ ಟೀ-ಶರ್ಟ್ ಆಗುವುದಿಲ್ಲ.

ಮತ್ತೆ ಮತ್ತೆ ಬರುವವರಿಗೆ ಮೇಲೆ ಹೋಗಲು ಮೆಟ್ಟಿಲು ಬೇಕು. ಮೊದಲು ಸ್ಕ್ಯಾನರ್, ಆಮೇಲೆ ರೇಡಿಯೊ, ಆಮೇಲೆ ಒಂದು ಗೇಟಿನ ಜವಾಬ್ದಾರಿ, ಪ್ರತಿ ಹಂತಕ್ಕೂ ಸ್ವಲ್ಪ ಕೂಲಿ ಜಾಸ್ತಿ. ಹೊರಗಿನಿಂದ ಯಾರದೋ ಪರಿಚಯದವನನ್ನು ತಂದು ಗೇಟ್ ಲೀಡ್ ಮಾಡಿದರೆ ಹಳಬರು ಅವತ್ತೇ ಮನಸ್ಸಲ್ಲಿ ರಾಜೀನಾಮೆ ಬರೆದಿರುತ್ತಾರೆ.

ವರ್ಷಕ್ಕೆ ಏಳು ದಿನದ ಕೆಲಸ

ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಐಪಿಎಲ್‌ನಲ್ಲಿ ಒಂದು ಟೀಮಿಗೆ ಲೀಗ್ ಹಂತದಲ್ಲಿ 14 ಮ್ಯಾಚ್, ತವರಿನಲ್ಲಿ 7. ವರ್ಷಕ್ಕೆ ಏಳು ದಿನ ಕೆಲಸ ಕೊಟ್ಟು ನಿಷ್ಠೆ ಕೇಳುವುದು ಯಾವ ನ್ಯಾಯ? ಆ ಏಳೂ ಗ್ಯಾರಂಟಿ ಇಲ್ಲ. ಬೆಂಗಳೂರಿನಲ್ಲಿ ನಡೆಯಬೇಕಿದ್ದ 2025ರ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈ, ಗುವಾಹಟಿಗೆ ಹೋದವು. ಮ್ಯಾಚ್ ಬೇರೆ ಊರಿಗೆ ಹೋದರೆ ಆಟಗಾರರು ವಿಮಾನ ಹತ್ತುತ್ತಾರೆ, ಗೇಟ್ ಹುಡುಗನ ಕೂಲಿ ಇಲ್ಲೇ ಹೋಗುತ್ತದೆ.

ನೀವು ಮಾಡಬಹುದಾದ್ದು ಲಿಸ್ಟ್ ಹಂಚಿಕೊಳ್ಳುವುದು. ಕಂಠೀರವದಲ್ಲಿ ಫುಟ್‌ಬಾಲ್ ಇರುತ್ತದೆ, ಕೆಲವು ವರ್ಷ ಕಬಡ್ಡಿ, ಊರಲ್ಲಿ ಮ್ಯಾರಥಾನ್‌ಗಳು, ಜತೆಗೆ ಕಾನ್ಸರ್ಟ್‌ಗಳು. ಅಲ್ಲಿನ ಸೂಪರ್‌ವೈಸರ್‌ಗಳೂ ಇದೇ ಜನರನ್ನೇ ಹುಡುಕುತ್ತಿರುತ್ತಾರೆ. ನಿಮ್ಮ ಒಳ್ಳೆಯ ಹುಡುಗರನ್ನು ಬಚ್ಚಿಟ್ಟುಕೊಳ್ಳಬೇಡಿ, ಅವರ ಒಪ್ಪಿಗೆ ಕೇಳಿ ನಂಬರ್ ಕೊಡಿ. ಬೇರೆಯವರ ಹತ್ತಿರ ಹೋಗಿ ಅಲ್ಲೇ ಉಳಿದುಬಿಟ್ಟರೆ ಅನ್ನುವ ಭಯ ಬೇಡ, ವರ್ಷದ ಹದಿನೈದು ಇಪ್ಪತ್ತು ದಿನ ಕೆಲಸ ಕೊಡಿಸಿದ ನಿಮ್ಮ ಫೋನನ್ನೇ ಮೊದಲು ಎತ್ತುತ್ತಾರೆ.

ಕೊನೆಯದಾಗಿ, ಕೇಳುವುದು ಹೇಗೆ. ಪೇಮೆಂಟ್ ಆಗುವ ಮೊದಲು "ಹೇಗಿತ್ತು?" ಅಂತ ಕೇಳಿದರೆ ಎಲ್ಲರೂ ಸೂಪರ್ ಅನ್ನುತ್ತಾರೆ, ದುಡ್ಡು ನಿಮ್ಮ ಕೈಯಲ್ಲಿದೆಯಲ್ಲ. ದುಡ್ಡು ತಲುಪಿದ ಮಾರನೇ ದಿನ ಫೋನ್ ಮಾಡಿ, ಅವರ ಮೇಲಿದ್ದ ಸೂಪರ್‌ವೈಸರ್ ಬಿಟ್ಟು ಬೇರೆಯವರು ಮಾಡಲಿ. ಕೇಳಬೇಕಾದ್ದು ಇಷ್ಟು: ಅವತ್ತು ಎಷ್ಟು ಹೊತ್ತಿಗೆ ಕೂತಿರಿ? ಯಾವಾಗ ಊಟ ಮಾಡಿದಿರಿ? ಯಾರಾದರೂ ಬೈದಾಗ ನಮ್ಮವರು ಯಾರ ಪರ ನಿಂತರು? ಮನೆ ಸೇರಿದ್ದು ಎಷ್ಟು ಗಂಟೆಗೆ, ಹೇಗೆ? "ಖುಷಿಯಾಗಿದ್ದೀರಾ" ಅಂತ ಕೇಳಲೇಬೇಡಿ. ಬಂದ ಉತ್ತರಗಳಲ್ಲಿ ಒಂದನ್ನಾದರೂ ಮುಂದಿನ ಮ್ಯಾಚ್ ಒಳಗೆ ಸರಿಮಾಡಿ, ಯಾರು ಹೇಳಿದ್ದು ಅಂತ ಹೇಳದೆ ಬ್ರೀಫಿಂಗ್‌ನಲ್ಲಿ ತಿಳಿಸಿ. ಸೀಸನ್ ಶುರುವಾಗುವ ಒಂದು ತಿಂಗಳು ಮೊದಲು ಹಳೆಯ ಲಿಸ್ಟ್ ತೆಗೆದು ಬಲ್ಕ್ ಮೆಸೇಜ್ ಬದಲು ಒಬ್ಬೊಬ್ಬರಿಗೇ ಫೋನ್ ಮಾಡಿ. ಬರಲ್ಲ ಅಂದವರನ್ನು ಯಾಕೆ ಅಂತ ಕೇಳಿ, ಅವರು ಹೇಳುವುದನ್ನು ಮಧ್ಯೆ ಬಾಯಿ ಹಾಕದೆ ಬರೆದುಕೊಳ್ಳಿ.